ಮೊದಲು ರೀಸ್ಟಾರ್ಟ್ ಮಾಡಿ ನೋಡಿ: ಉಡುಪಿಯ ಒಂದು ರಿಪೇರಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ದಾರಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಅಷ್ಟರಲ್ಲಿ ವಿಂಡೋಸ್ ಎಕ್ಸ್‌ಪಿ ಹೋಯಿತು, ವಿಸ್ತಾ ಬಂದದ್ದೂ ಗೊತ್ತಾಗಲಿಲ್ಲ ಹೋದದ್ದೂ ಗೊತ್ತಾಗಲಿಲ್ಲ, ಸೆವೆನ್, ಎಯ್ಟ್, ಟೆನ್ ಎಲ್ಲ ಬಂದು ಹೋದವು. ಜನ ಕೇಳುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಒಂದೇ ಉತ್ತರವನ್ನು ದಿನಕ್ಕೆ ಹತ್ತು ಸಲ ಹೇಳುವಷ್ಟರಲ್ಲಿ ನನ್ನ ಚಾ ತಣಿದು ಹೋಗುತ್ತದೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಓದಿ ಬನ್ನಿ. ಓದದೆ ಬಂದರೂ ಬೈಯುವುದಿಲ್ಲ, ಚಾ ಮಾತ್ರ ನಿಮ್ಮ ಲೆಕ್ಕಕ್ಕೆ.

ಪ್ರಶ್ನೆ: ಕಂಪ್ಯೂಟರ್ ಭಯಂಕರ ಸ್ಲೋ ಆಗಿದೆ. ವೈರಸ್ ಇರಬಹುದಾ?

ಇರಬಹುದು. ಆದರೆ ಸ್ಲೋ ಅಂತ ಇಲ್ಲಿಗೆ ಬರುವ ಹಳೇ ಮೆಷಿನುಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ವೈರಸ್ ಅಲ್ಲ, ವಯಸ್ಸಾದ ಹಾರ್ಡ್ ಡಿಸ್ಕ್. ಪಾಪದ ವೈರಸ್ಸಿಗೆ ನಾವು ಸುಮ್ನೆ ಬೈಯುತ್ತೇವೆ.

ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಅತ್ತಿತ್ತ ಆಡುವ ಒಂದು ಸಣ್ಣ ಕೈ. ಲ್ಯಾಪ್‌ಟಾಪಿನದ್ದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಡೆಸ್ಕ್‌ಟಾಪಿನದ್ದು 7,200. ಕೇಳಲಿಕ್ಕೆ ಜೋರು. ಆದರೆ ಬೇಕಾದ ಫೈಲ್ ತಟ್ಟೆಯ ಯಾವ ಕಡೆ ಇದೆಯೋ ಅಲ್ಲಿಗೆ ಆ ಕೈ ಹೋಗಬೇಕು, ಆ ಜಾಗ ಸುತ್ತಿ ಬರುವವರೆಗೆ ಕಾಯಬೇಕು. ಹಳೇ ಜೀನಸಿನ ಅಂಗಡಿಯ ಹಾಗೆ. ಜೀರಿಗೆ ಕೇಳಿದರೆ ಹುಡುಗ ಅಟ್ಟ ಹತ್ತಿ ಇಳಿಯುತ್ತಾನೆ. ಮೆಂತೆ ಕೇಳಿದರೆ ಮತ್ತೆ ಹತ್ತುತ್ತಾನೆ. ವಿಂಡೋಸ್ ಶುರುವಾಗುವಾಗ ಇಂಥ ಚಿಲ್ಲರೆ ಸಾಮಾನು ಸಾವಿರಾರು ಕೇಳುತ್ತದೆ. ಆ ಹುಡುಗನ ಗತಿ ಯೋಚಿಸಿ.

ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಬರೀ ಮೆಮೊರಿ ಚಿಪ್. ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಎದುರಲ್ಲೇ ಜೋಡಿಸಿಟ್ಟಂತೆ. ಗುಜರಿಗೆ ಹಾಕಬೇಕು ಅಂತ ಇದ್ದ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ಕೊಟ್ಟರೆ, ಆನ್ ಮಾಡಿ ಚಾ ಮಾಡಲಿಕ್ಕೆ ಒಳಗೆ ಹೋಗುತ್ತಿದ್ದವರು ಈಗ ಚಾ ಕುಡಿಯುವುದನ್ನೇ ಬಿಡಬೇಕಾಗುತ್ತದೆ. ಹೊಸತು ತೆಗೆದುಕೊಳ್ಳಲು ಬಂದವರನ್ನು ಹೀಗೆ ಹಳೆಯದರ ಜೊತೆಗೇ ವಾಪಸ್ ಕಳಿಸಿದ್ದು ಎಷ್ಟೋ ಸಲ. ವ್ಯಾಪಾರ ಮಾಡುವ ರೀತಿ ಇದಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸರಿ.

ಪ್ರಶ್ನೆ: ರ‍್ಯಾಮ್ ಎಷ್ಟು ಬೇಕು?

ರ‍್ಯಾಮ್ ಅಂದರೆ ಬಾಳೆಲೆ. ಡಿಸ್ಕ್ ಅಂದರೆ ಅಡುಗೆಮನೆ. ಅಡುಗೆಮನೆಯಲ್ಲಿ ಎಷ್ಟು ಬೇಕಾದರೂ ಮಾಡಿಟ್ಟಿರಬಹುದು, ನೀವು ಉಣ್ಣುವುದು ಎಲೆಗೆ ಬಿದ್ದದ್ದನ್ನು ಮಾತ್ರ. ಎಲೆ ಸಣ್ಣದಾದರೆ ಸಾರು ಪಾಯಸಕ್ಕೆ ಸೇರುತ್ತದೆ. ಬಡಿಸುವವನು ಪಲ್ಯ ತೆಗೆದು ಒಳಗಿಟ್ಟು, ಕೋಸಂಬರಿ ತಂದು ಹಾಕಿ, ನೀವು ಪಲ್ಯ ಕೇಳಿದ ಕೂಡಲೇ ಕೋಸಂಬರಿ ಎತ್ತಿಕೊಂಡು ಓಡಬೇಕಾಗುತ್ತದೆ. ನಿಮ್ಮ ಕಂಪ್ಯೂಟರ್ ಮುಸುಮುಸು ಅನ್ನುತ್ತಾ ಮಾಡುತ್ತಿರುವುದು ಅದನ್ನೇ.

ಬಿಲ್ಲಿಂಗ್, ಮೇಲ್, ಯೂಟ್ಯೂಬು ಇಷ್ಟಕ್ಕೆ 8 ಜಿಬಿ ಸಾಕು. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟು ‘ಮತ್ತೆ ಓದ್ತೇನೆ’ ಅನ್ನುವವರಿಗೆ 16. ನೀವು ಅದನ್ನು ಓದುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಪ್ರಶ್ನೆ: ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ. ಹಾಗಾದರೆ ನೀವು ದುಡ್ಡು ತೆಗೆದುಕೊಳ್ಳುವುದು ಎಂತಕ್ಕೆ?

ಒಳ್ಳೆ ಪ್ರಶ್ನೆ. ಯಾವಾಗ ಆಫ್ ಮಾಡಬೇಕು ಅಂತ ಗೊತ್ತಿರುವುದಕ್ಕೆ.

ಎಲೆ ಎತ್ತಿ, ನೆಲ ಒರೆಸಿ, ಹೊಸ ಪಂಕ್ತಿ ಹಾಕಿದಂತೆ ಅದು. ಕರೆಂಟ್ ಹೋದರೆ ರ‍್ಯಾಮಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದರ ಜೊತೆಗೆ ಸಿಕ್ಕುಬಿದ್ದ ಪ್ರೋಗ್ರಾಮುಗಳ ಗೋಜಲೂ ಹೋಗುತ್ತದೆ. ಆದರೆ ಒಂದು ಗುಟ್ಟು ಹೇಳುತ್ತೇನೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಇದ್ದರೆ ನೀವು ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಏಳುತ್ತದೆ. ಹಾಗಾಗಿ ‘ದಿನಾ ಆಫ್ ಮಾಡ್ತೇನೆ ಮಾರಾಯ್ರೆ’ ಅನ್ನುವವರ ಮೆಷಿನಿನಲ್ಲೂ ತಿಂಗಳ ಹಿಂದಿನ ಗೋಜಲು ಹಾಗೇ ಇರುತ್ತದೆ. ಶಟ್ ಡೌನ್ ಬೇಡ, ರೀಸ್ಟಾರ್ಟ್ ಒತ್ತಿ.

ಪ್ರಶ್ನೆ: ಒಂದು ಟಿಬಿ ಅಂತ ದುಡ್ಡು ಕೊಟ್ಟು ತಂದೆ, 931 ಜಿಬಿ ತೋರಿಸುತ್ತಿದೆ. ಉಳಿದದ್ದನ್ನು ಯಾರು ತಿಂದರು?

ನಾನಂತೂ ಅಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಸಾಮಾನು ಅಷ್ಟೇ, ಸೇರು ಬೇರೆ. ಒಬ್ಬ ಗಿರಾಕಿಗೆ ಇದನ್ನು ಕ್ಯಾಲ್ಕುಲೇಟರ್ ಹಿಡಿದು ಕಾಲು ಗಂಟೆ ವಿವರಿಸಿದೆ. ಎಲ್ಲ ಕೇಳಿ, ತಲೆ ಆಡಿಸಿ, ‘ಆಯ್ತು, ಆ 69ರ ದುಡ್ಡು ಕಮ್ಮಿ ಮಾಡಿ’ ಅಂದರು.

ಪ್ರಶ್ನೆ: ವಿಂಡೋಸ್ 10 ಮುಗಿಯಿತಂತೆ. ನನ್ನ ಕಂಪ್ಯೂಟರನ್ನು ಬಿಸಾಡಬೇಕಾ?

ಬಿಸಾಡುವುದಾದರೆ ನನ್ನ ಅಂಗಡಿಯ ಎದುರು ಬಿಸಾಡಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ಮರುದಿನ ಬೆಳಿಗ್ಗೆ ಇಬ್ಬರು ಅಂಗಡಿ ತೆರೆಯುವ ಮೊದಲೇ ಬಂದು ಕಾಯುತ್ತಿದ್ದರು. ‘ಇನ್ನೂ ಆನ್ ಆಗ್ತಾ ಉಂಟಲ್ಲ?’ ಅಂತ ಒಬ್ಬರಿಗೆ ಆಶ್ಚರ್ಯ. ಅದು ಹಾಲಿನ ಪ್ಯಾಕೆಟ್ ಅಲ್ಲ, ತಾರೀಕು ದಾಟಿದ ಕೂಡಲೇ ಒಡೆಯುವುದಿಲ್ಲ. ಹೊಸದಾಗಿ ಗೊತ್ತಾಗುವ ತೂತುಗಳಿಗೆ ತೇಪೆ ಹಾಕುವವರು ಇರುವುದಿಲ್ಲ, ಅಷ್ಟೇ. ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನೂ ಮೈಕ್ರೋಸಾಫ್ಟ್ ಕೊಟ್ಟಿತು. ಬ್ಯಾಂಕಿನ ಕೆಲಸ ಅದರಲ್ಲೇ ಮಾಡುವವರಾದರೆ ಈ ತೇಪೆಯ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಿ, ಇಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ತಮಾಷೆ ಇರುವುದು ವಿಂಡೋಸ್ 11ರ ಷರತ್ತುಗಳಲ್ಲಿ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರಿಂದ ಈಚಿನದ್ದು ಬೇಕು. ಏಳನೇ ತಲೆಮಾರಿನದ್ದು ಕಲ್ಲಿನ ಹಾಗೆ ಗಟ್ಟಿಯಾಗಿ ಓಡುತ್ತಿದ್ದರೂ ಪಂಕ್ತಿಯಲ್ಲಿ ಜಾಗ ಇಲ್ಲ. ಬದುಕಿರುವ ಮೆಷಿನಿಗೆ ತಿಥಿ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಅಂಥವಕ್ಕೆ ನಾನು ವಿಂಡೋಸಿನ ಬದಲು ಲಿನಕ್ಸ್ ಹಾಕುತ್ತೇನೆ.

ಪ್ರಶ್ನೆ: ಲಿನಕ್ಸ್ ಅಂದರೆ ಆ ಪೆಂಗ್ವಿನ್ ಗುರುತಿನದ್ದು ಅಲ್ವಾ? ಅದು ನಮಗೆ ಆಗುತ್ತದಾ?

ನಿಮ್ಮ ಅಮ್ಮ ಈಗಾಗಲೇ ಬಳಸುತ್ತಿದ್ದಾರೆ. ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಲಿನಕ್ಸಿನ ತಿರುಳೇ, ಕರ್ನಲ್ ಅನ್ನುತ್ತಾರೆ. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಸುಮ್ನೆ ಹವ್ಯಾಸಕ್ಕೆ ಅಂತ ಶುರು ಮಾಡಿದ್ದು ಅದು. ಈಗ ನಿಮ್ಮ ಅಮ್ಮ ಅದರಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸುತ್ತಾರೆ.

ಕಷ್ಟ ಲಿನಕ್ಸಿನಲ್ಲಿ ಇಲ್ಲ, ಲಿನಕ್ಸಿನವರಲ್ಲಿ ಇದೆ. ನಮ್ಮಲ್ಲಿ ಯಕ್ಷಗಾನದ ತೆಂಕುತಿಟ್ಟಿನವರನ್ನೂ ಬಡಗುತಿಟ್ಟಿನವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ‘ಯಾವ ಚೆಂಡೆ ಒಳ್ಳೆಯದು?’ ಅಂತ ಕೇಳಿ ನೋಡಿ. ಬೆಳಗಾಗುತ್ತದೆ. ಲಿನಕ್ಸಿನ ತಿಟ್ಟುಗಳಾದ ಉಬುಂಟು, ಡೆಬಿಯನ್, ಫೆಡೋರಾ, ಆರ್ಚ್ ಬಳಸುವವರೂ ಅದೇ ಜಾತಿ. ಆರ್ಚ್ ಬಳಸುವವರನ್ನು ಗುರುತಿಸುವುದು ಸುಲಭ, ನೀವು ಕೇಳುವ ಮೊದಲೇ ಅವರು ಹೇಳಿರುತ್ತಾರೆ. ಮೊನ್ನೆ ಇಬ್ಬರು ಹುಡುಗರು ನನ್ನ ಅಂಗಡಿಯಲ್ಲಿ ಟೆಕ್ಸ್ಟ್ ಎಡಿಟರಿನ ವಿಷಯಕ್ಕೆ ಜಗಳ ಆಡಿದರು. ಮೌಸ್ ಕೊಳ್ಳಲು ಬಂದಿದ್ದ ಹೆಂಗಸು ಹೆದರಿ ಹೊರಗೆ ಹೋಗಿ ನಿಂತರು. ಆಸ್ತಿ ಪಾಲಿನ ಗಲಾಟೆ ಅಂದುಕೊಂಡಿದ್ದರಂತೆ.

ಯಾರಿಗೆ ಹಾಕಿಕೊಡುತ್ತೇನೆ ಅಂದರೆ: ಇಂಟರ್ನೆಟ್, ಮೇಲ್, ಆಟದ ವಿಡಿಯೋ, ಮಕ್ಕಳ ಪ್ರಾಜೆಕ್ಟ್ ಇಷ್ಟೇ ಇರುವವರಿಗೆ ಕಣ್ಣು ಮುಚ್ಚಿ. ಆಟ ಅಂದರೆ ಯಕ್ಷಗಾನ, ಕ್ರಿಕೆಟ್ ಅಲ್ಲ. ಅಂಗಡಿ ಇರುವವರು ಬಂದರೆ ಮಾತ್ರ ಪೆಂಗ್ವಿನ್ನನ್ನು ಮೇಜಿನ ಕೆಳಗೆ ಇಡುತ್ತೇನೆ. ಅವರ ಮೊದಲ ಪ್ರಶ್ನೆಯೇ ‘ಟ್ಯಾಲಿ ಓಡ್ತದಾ?’ ಅಂತ. ಟ್ಯಾಲಿ ವಿಂಡೋಸಿಗೆ ಅಂತ ಮಾಡಿದ ಲೆಕ್ಕಪತ್ರದ ಸಾಫ್ಟ್‌ವೇರ್. ಹಿಂಬಾಗಿಲಿಂದ ಓಡಿಸುವ ಉಪಾಯ ಇದೆ, ಆದರೆ ಮಾರ್ಚ್ 31ರ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬರುವುದು ಬೇಡ.

ಪ್ರಶ್ನೆ: ಮ್ಯಾಕ್?

ಚೆಂದ ಇದೆ. ಬ್ಯಾಟರಿ ಚೆನ್ನಾಗಿ ಬರುತ್ತದೆ. 2020ರ ಕೊನೆಗೆ ಆಪಲಿನದ್ದೇ ಎಂ1 ಚಿಪ್ ಬಂದ ಮೇಲೆ ನಾನೂ ಬಾಯಿ ಮುಚ್ಚಿಕೊಂಡಿದ್ದೇನೆ. ಆದರೆ ರ‍್ಯಾಮ್ ಚಿಪ್ಪಿನ ಜೊತೆಗೇ ಕೂತಿರುತ್ತದೆ, ಆಮೇಲೆ ಜಾಸ್ತಿ ಮಾಡಲಿಕ್ಕೆ ಆಗುವುದಿಲ್ಲ. ತೆಗೆದುಕೊಳ್ಳುವ ದಿನವೇ ಎಲೆ ದೊಡ್ಡದು ನೋಡಿ ತೆಗೆದುಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಕಂಪ್ಯೂಟರನ್ನು ಹೇಗೆ ನೋಡಿಕೊಳ್ಳಬೇಕು?

ಈ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದ. ಕಂಪ್ಯೂಟರ್ ಕಂಪನಿಯವರ ಪುಸ್ತಕದಲ್ಲಿ ಉಡುಪಿಯ ಜುಲೈ ತಿಂಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಕಪಾಟಿನ ಪುಸ್ತಕಕ್ಕೆ ಬೂಸ್ಟು. ಮದರ್‌ಬೋರ್ಡ್ ಒಂದನ್ನೇ ಬಿಡುತ್ತದಾ?

ಮೊದಲನೆಯ ಮಾತು: ದಿನಾ ಸ್ವಲ್ಪ ಹೊತ್ತು ಓಡಿಸಿ. ಓಡುವ ಮೆಷಿನ್ ತನ್ನ ಬಿಸಿಯಲ್ಲಿ ತಾನೇ ಒಣಗಿರುತ್ತದೆ. ಜೋಪಾನ ಅಂತ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಸುತ್ತಿ ಇಟ್ಟದ್ದೇ ನನ್ನ ಹತ್ತಿರ ಹೆಚ್ಚು ಬರುತ್ತದೆ. ಮಲ್ಪೆ ಕಡೆ, ಸಮುದ್ರದ ಹತ್ತಿರ ಮನೆ ಇರುವವರಿಗೆ ಉಪ್ಪು ಗಾಳಿ ಬೇರೆ. ತಾಮ್ರ ಹಸಿರಾಗುತ್ತದೆ. ಆನ್ ಮಾಡಿದರೆ ಬೀಪ್ ಬೀಪ್ ಅಂದು ಸ್ಕ್ರೀನ್ ಬಾರದಿದ್ದರೆ ಹೆದರಬೇಡಿ. ರ‍್ಯಾಮ್ ಕಡ್ಡಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುತ್ತೇನೆ. ಈಗ ನಿಮಗೆ ಪುಕ್ಕಟೆ ಹೇಳಿದ್ದೇನೆ.

ಎರಡನೆಯದು ಸಿಡಿಲು. ಹೊಡೆಯುವುದು ಜಾಸ್ತಿ ಮಳೆಗಾಲದ ಮೊದಲು ಮತ್ತು ಕೊನೆಗೆ, ಸಂಜೆ ಹೊತ್ತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಎಳೆಯಬೇಕು. ಇಂಟರ್ನೆಟ್ ವಯರನ್ನೂ ಎಳೆಯಬೇಕು. ಕರೆಂಟಿನ ವಯರ್ ಕಿತ್ತಿಟ್ಟು, ತಾಮ್ರದ ಕೇಬಲ್ ಹಾಗೇ ಬಿಟ್ಟು ಮೋಡೆಮ್ಮು, ಮದರ್‌ಬೋರ್ಡು ಎರಡನ್ನೂ ಕಳೆದುಕೊಂಡವರು ಪ್ರತಿ ಮೇ ತಿಂಗಳಲ್ಲೂ ಬರುತ್ತಾರೆ. ಸ್ಪೈಕ್ ಬಸ್ಟರ್ ಉಂಟಲ್ಲ ಅನ್ನುತ್ತಾರೆ. ಸಿಡಿಲಿನ ಎದುರು ಸ್ಪೈಕ್ ಬಸ್ಟರ್ ಅಂದರೆ ಆಟಿ ತಿಂಗಳ ಮಳೆಗೆ ಕರವಸ್ತ್ರ ಹಿಡಿದ ಹಾಗೆ.

ಮೂರನೆಯದು ಅತಿಥಿಗಳು. ಹೊರಗೆ ಮಳೆ, ಒಳಗೆ ಬೆಚ್ಚಗೆ. ಇರುವೆಗೆ ಇನ್ನೇನು ಬೇಕು? ಹೋದ ವರ್ಷ ಒಬ್ಬರು ರೂಟರ್ ತಂದರು. ದೀಪ ಉರಿಯುತ್ತದೆ, ನೆಟ್ ಬರುವುದಿಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ್ದೇ ತಡ, ರವೆ ಕಾಳಿನಂಥ ಬಿಳಿ ಮೊಟ್ಟೆ ಕಚ್ಚಿಕೊಂಡು ಇರುವೆಗಳು ನನ್ನ ಮೇಜಿನ ಮೇಲೆ ಸಾಲು ಹಿಡಿದವು. ಚಿಪ್ಪಿನ ಬಿಸಿಗೆ ಸರಿಯಾಗಿ ತಾಗುವ ಹಾಗೆ ಗೂಡು ಕಟ್ಟಿದ್ದವು, ಕಾವು ಕೊಡಲಿಕ್ಕೆ. ಬ್ರಷ್ಷಿನಲ್ಲಿ ಗುಡಿಸಿ, ಒಣಗಿಸಿ ಹಾಕಿದೆ, ರೂಟರ್ ಓಡಿತು. ಸಂಜೆಗೆ ನೋಡಿದರೆ ಅದೇ ಸಂಸಾರ ನನ್ನ ಕೀಬೋರ್ಡಿನೊಳಗೆ ಬಿಡಾರ ಹೂಡಿತ್ತು.

ಹಲ್ಲಿ ಎಸ್‌ಎಂಪಿಎಸ್ಸಿನೊಳಗೆ ಅಂದರೆ ಕರೆಂಟ್ ಕೊಡುವ ಪೆಟ್ಟಿಗೆಯೊಳಗೆ ಹೊಕ್ಕು ಸತ್ತದ್ದಂತೂ ಲೆಕ್ಕ ಇಟ್ಟಿಲ್ಲ. ಅಮೆರಿಕದಲ್ಲಿ 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಕಂಪ್ಯೂಟರಿನ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿತ್ತು. ಅವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. ಮೆಷಿನಿನ ದೋಷಕ್ಕೆ ಬಗ್, ಅಂದರೆ ಹುಳ, ಅನ್ನುವ ಮಾತು ಮೊದಲೇ ಇತ್ತು, ಆದರೂ ಆ ಪುಸ್ತಕ ಈಗ ಮ್ಯೂಸಿಯಂ ಸೇರಿದೆ. ನಾನು ಹಲ್ಲಿಗಳನ್ನು ಅಂಟಿಸಿಡುತ್ತಿದ್ದರೆ ಉಡುಪಿಯಲ್ಲೂ ಒಂದು ಮ್ಯೂಸಿಯಂ ಆಗುತ್ತಿತ್ತು.

ಪ್ರಶ್ನೆ: ಆಯುಧ ಪೂಜೆಗೆ ಕಂಪ್ಯೂಟರಿಗೆ ಪೂಜೆ ಮಾಡಬಹುದಾ?

ಮಾಡಲೇಬೇಕು. ನಾನೂ ನನ್ನ ಸ್ಕ್ರೂ ಡ್ರೈವರಿಗೆ ಗಂಧ ಇಟ್ಟು, ಮಲ್ಟಿಮೀಟರಿಗೆ ಹೂ ಇಟ್ಟು ಕೈ ಮುಗಿಯುತ್ತೇನೆ. ಆದರೆ ಕುಂಕುಮವನ್ನು ಫ್ಯಾನಿನ ಜಾಲರಿಗೆ ಹಚ್ಚಬೇಡಿ. ಫ್ಯಾನ್ ಎಳೆದುಕೊಳ್ಳುತ್ತದೆ. ದಸರಾ ಮುಗಿದ ವಾರ ನಾನು ತೆರೆಯುವ ಸಿಪಿಯು ಪೆಟ್ಟಿಗೆಗಳ ಒಳಗೆ ಪ್ರೊಸೆಸರ್‌ಗೂ ಕುಂಕುಮ ಇರುತ್ತದೆ. ಯುಎಸ್‌ಬಿ ಕಿಂಡಿಗೆ ಊದುಬತ್ತಿ ಸಿಕ್ಕಿಸಿ ತಂದವರೂ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರು ಕಂಪ್ಯೂಟರ್ ಕಲಿಸುವವರು.

ಪ್ರಶ್ನೆ: ಮಗನಿಗೆ ಓದಲಿಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಹೌದಾ?

ಮಗ ನನ್ನ ಎದುರೇ ನಿಂತು ಕಣ್ಣಲ್ಲೇ ಬೇಡಿಕೊಳ್ಳುತ್ತಿರುವಾಗ ಈ ಪ್ರಶ್ನೆ ಕೇಳಬೇಡಿ. ನನ್ನ ಕಷ್ಟ ನಿಮಗೆ ಅರ್ಥವಾಗುವುದಿಲ್ಲ.

ವಿಡಿಯೋ ಎಡಿಟಿಂಗ್, ತ್ರೀಡಿ, ಎಐ ಮಾದರಿ ತಯಾರಿಸುವ ಕೋರ್ಸ್ ಆದರೆ ನಿಜವಾಗಿಯೂ ಬೇಕು. ಬಿಕಾಂ ಆದರೆ, ಅವನು ಓದುವುದು ಗೇಮ್ ಅಂತ ತಿಳಿಯಿರಿ. ಆಡಲಿ ಬಿಡಿ, ಮನೆಯಲ್ಲೇ ಇರುತ್ತಾನಲ್ಲ. ಆದರೆ ಬಣ್ಣಬಣ್ಣದ ಲೈಟಿಗೆ ದುಡ್ಡು ಜಾಸ್ತಿ ಕೊಡಬೇಡಿ. ಕ್ಯಾಬಿನೆಟ್ಟಿನ ಒಳಗೆ ತೇರಿನ ದಿನದ ರಥಬೀದಿಯ ಹಾಗೆ ಲೈಟ್ ಉರಿದರೂ ಗೇಮಿನ ವೇಗ ಒಂದು ಫ್ರೇಮಿನಷ್ಟೂ ಜಾಸ್ತಿ ಆಗುವುದಿಲ್ಲ. ಮೆಕ್ಯಾನಿಕಲ್ ಕೀಬೋರ್ಡ್ ಬೇಕು ಅಂದರೆ ಒಮ್ಮೆ ಅಂಗಡಿಯಲ್ಲಿ ಒತ್ತಿ, ಶಬ್ದ ಕೇಳಿ, ಆಮೇಲೆ ನಿಮ್ಮ ಮಲಗುವ ಕೋಣೆ ಯಾವ ಪಕ್ಕ ಇದೆ ಅಂತ ನೆನಪು ಮಾಡಿಕೊಳ್ಳಿ.

ಪ್ರಶ್ನೆ: ನನ್ನ ಅಕ್ಕನ ಮಗ ಬೆಂಗಳೂರಲ್ಲಿ ದೊಡ್ಡ ಕಂಪನಿಯಲ್ಲಿ ಇಂಜಿನಿಯರ್. ಅವನಿಗೆ ಪ್ರಿಂಟರ್ ಸರಿ ಮಾಡಲಿಕ್ಕೆ ಯಾಕೆ ಬರುವುದಿಲ್ಲ?

ಪಾಪ, ಅವನನ್ನು ಬಿಟ್ಟುಬಿಡಿ. ರಜೆಗೆ ಬಂದು ಬಸ್ಸಿಳಿದು ಬ್ಯಾಗ್ ಕೆಳಗಿಡುವ ಮೊದಲೇ ‘ಈ ಪ್ರಿಂಟರ್ ಎಂತ ಆಗಿದೆ ನೋಡು ಮಗಾ’ ಅಂದರೆ ಅವನು ಮುಂದಿನ ಸಲ ಬರುವುದೇ ಇಲ್ಲ. ಅವನು ಕ್ಲೌಡಿನಲ್ಲಿ ಸಾವಿರ ಸರ್ವರ್ ನೋಡಿಕೊಳ್ಳಬಹುದು. ಪ್ರಿಂಟರನ್ನು ಮಾತ್ರ ಪ್ರಿಂಟರ್ ಮಾಡಿದವನಿಂದಲೂ ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ. ಇಂಕ್‌ಜೆಟ್ ಆದರೆ ವಾರಕ್ಕೆ ಒಂದು ಬಣ್ಣದ ಪುಟ ತೆಗೆಯಿರಿ. ಇಲ್ಲದಿದ್ದರೆ ಶಾಯಿ ಬರುವ ನಾಜಲ್ ಒಣಗುತ್ತದೆ.

ಪ್ರಶ್ನೆ: ಮದುವೆ ಕಾಗದ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಅಲ್ಲಿ ತೆರೆದರೆ ಮಂತ್ರದ ಹಾಗೆ ಏನೋ ಕಾಣುತ್ತಿದೆಯಂತೆ.

ನೀವು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಎದುರಿನವರಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ, ತಲೆ ಮೇಲೆ ಚುಕ್ಕಿ, ಟೋಪಿ ಇಟ್ಟುಕೊಂಡ ಅಕ್ಷರಗಳು ಕುಣಿಯುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ. ಅದರಲ್ಲಿ ಕ ಅಂದರೆ ಎಲ್ಲಿ ತೆರೆದರೂ ಕ.

ಕೀಬೋರ್ಡ್ ಯಾವುದು ಅಂತ ಕೇಳಿದರೆ ಇಲ್ಲಿ ನಾನು ಪಕ್ಷಪಾತಿ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ ವಿನ್ಯಾಸ ಇದೆಯಲ್ಲ, ನುಡಿ ಸಾಫ್ಟ್‌ವೇರಿನಲ್ಲಿ ಬರುವುದು, ಅದನ್ನೇ ಕಲಿಯಿರಿ. ಕೆ ಒತ್ತಿದರೆ ಕ. ಒತ್ತಕ್ಷರಕ್ಕೆ ನಡುವೆ ಎಫ್. ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’ ಸಿದ್ಧ. ನಾಲ್ಕು ದಿನ ಮಂಡೆ ಬಿಸಿ, ಆಮೇಲೆ ಬೆರಳು ತಾನೇ ಓಡುತ್ತದೆ. ನಮ್ಮ ಊರಿನವರ ಕೆಲಸ, ಕರ್ನಾಟಕ ಇಡೀ ಅದರಲ್ಲಿ ಟೈಪ್ ಮಾಡುತ್ತದೆ. ಹಾಗೇ ಇನ್ನೊಂದು ಖುಷಿ: 2024ರಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿತು. ಈಗ ತುಳುವಿನಲ್ಲಿ ಬೈದು ಮೆಸೇಜ್ ಹಾಕುವವರು ಅದರ ಲಿಪಿಯಲ್ಲೇ ಹಾಕುವ ದಿನ ಬರಬಹುದು. ಲಿಪಿ ಓದಲಿಕ್ಕೆ ಬರುವವರು ಕಮ್ಮಿ ಇರುವುದರಿಂದ ಜಗಳವೂ ಕಮ್ಮಿ.

ಪ್ರಶ್ನೆ: ಎಐ ಕಂಪ್ಯೂಟರ್ ತೆಗೆದುಕೊಳ್ಳಬೇಕಾ?

ಸ್ಟಿಕ್ಕರ್ ಮಾತ್ರ ಬೇಕಾದರೆ ನನ್ನ ಹತ್ತಿರ ಇದೆ. ಮೈಕ್ರೋಸಾಫ್ಟಿನವರು ಕಂಪ್ಯೂಟರಿನಲ್ಲಿ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ, ಎಐ ಕೆಲಸದ ಚಿಪ್ ಅಂದರೆ ಎನ್‌ಪಿಯು ಇದ್ದರೆ ಒಂದು ವಿಶೇಷ ಹೆಸರು ಕೊಡುತ್ತಾರೆ, ಕೀಬೋರ್ಡಿನಲ್ಲಿ ಅದಕ್ಕೆ ಒಂದು ಬಟನ್ನೂ ಇರುತ್ತದೆ. ಆ ಬಟನ್ ಗೊತ್ತಿಲ್ಲದೆ ಒತ್ತಿ ‘ಏನೋ ತೆರೆಯಿತು, ವೈರಸ್ಸಾ?’ ಅಂತ ಬಂದವರೇ ನನಗೆ ಸಿಕ್ಕಿದ್ದು. ನೀವು ಚಾಟ್ ಮಾಡುವ ಎಐ ಹೆಚ್ಚಾಗಿ ಓಡುವುದು ಎಲ್ಲೋ ದೂರದ ಸರ್ವರಿನಲ್ಲಿ. ಅದಕ್ಕೆ ನಿಮ್ಮ ಹಳೇ ಲ್ಯಾಪ್‌ಟಾಪೂ ಸಾಕು.

ಆ ಸರ್ವರುಗಳಿಂದ ನಮಗೆ ಆದದ್ದು ಒಂದೇ. ಮೆಮೊರಿ ಚಿಪ್ಪನ್ನೆಲ್ಲ ಅವರೇ ಬಾಚಿಕೊಂಡು 2025ರ ಕೊನೆಗೆ ರ‍್ಯಾಮಿನ ಬೆಲೆ ಏರಿತು. ಜೂನ್, ಜುಲೈಯ ಟ್ರಾಲಿಂಗ್ ನಿಷೇಧದಲ್ಲಿ ಬಂಗುಡೆ ರೇಟ್ ಕೇಳಿ ಸುಮ್ನೆ ವಾಪಸ್ ಬರುತ್ತೀರಲ್ಲ, ಹಾಗೆ ಜನ ರ‍್ಯಾಮ್ ರೇಟ್ ಕೇಳಿ ಹೋಗಲು ಶುರು ಮಾಡಿದರು.

ಪ್ರಶ್ನೆ: ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ. ಫೋಟೋ ವಾಪಸ್ ಬರುತ್ತದಾ?

ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಮೊದಲ ಪ್ರಶ್ನೆಯಲ್ಲಿ ಹೇಳಿದ ಆ ಸಣ್ಣ ಕೈ ದಾರಿ ತಪ್ಪಿ ಬಡಿದುಕೊಳ್ಳುವ ಶಬ್ದ ಅದು.

ಒಬ್ಬ ರಿಟೈರ್ಡ್ ಮಾಸ್ಟ್ರು ಹದಿನೈದು ವರ್ಷ ಊರೂರು ತಿರುಗಿ ತಾಳಮದ್ದಳೆ ರೆಕಾರ್ಡ್ ಮಾಡಿದ್ದರು. ಎಲ್ಲ ಒಂದೇ ಡಿಸ್ಕಿನಲ್ಲಿ. ಟವೆಲಿನಲ್ಲಿ ಸುತ್ತಿ, ಮಗುವನ್ನು ಹಿಡಿದ ಹಾಗೆ ತಂದರು. ನಾನು ಕಿವಿ ಇಟ್ಟು ಕೇಳಿದೆ. ಅವರು ನನ್ನ ಮುಖ ನೋಡಿದರು. ನನ್ನಿಂದ ಆಗಲಿಲ್ಲ. ಇಂಥದ್ದಕ್ಕೆಂದೇ ಇರುವ ಲ್ಯಾಬಿಗೆ ಕಳಿಸಿದೆವು, ಅರ್ಧ ಸಿಕ್ಕಿತು. ಯಾವ ಅರ್ಧ ಅಂತ ನಾನು ಕೇಳಲಿಲ್ಲ.

ಮೂರು ಪ್ರತಿ ಇಡಿ. ಎರಡು ಬೇರೆ ಬೇರೆ ನಮೂನೆಯ ಜಾಗದಲ್ಲಿ. ಒಂದಾದರೂ ಮನೆಯಿಂದ ಹೊರಗೆ.

ಪ್ರಶ್ನೆ: ನನ್ನ ಪ್ರಶ್ನೆ ಇದರಲ್ಲಿ ಇಲ್ಲ. ಫೋನ್ ಮಾಡಬಹುದಾ?

ಮಾಡಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬೇಡ, ಊಟ ಮತ್ತು ಒಂದು ಸಣ್ಣ ನಿದ್ದೆ. ಫೋನ್ ಮಾಡುವ ಮೊದಲು ಪ್ಲಗ್ ಸರಿಯಾಗಿ ಕೂತಿದೆಯಾ ನೋಡಿ. ಹೋದ ತಿಂಗಳು ಪರ್ಕಳದಿಂದ ಒಬ್ಬರು ಹಿರಿಯ ಹೆಂಗಸು ಫೋನ್ ಮಾಡಿದರು. ಕಂಪ್ಯೂಟರ್ ಪೂರ್ತಿ ಸತ್ತಿದೆ, ಲೈಟೂ ಇಲ್ಲ, ನೆಟ್ಟೂ ಇಲ್ಲ. ಧಾರಾಕಾರ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಹೋದೆ. ಪ್ಲಗ್ ಕಿತ್ತು, ಇಂಟರ್ನೆಟ್ ವಯರ್ ಕಿತ್ತು, ಎರಡನ್ನೂ ಚೆಂದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲೆ ಇಟ್ಟಿದ್ದರು.

‘ಗುಡುಗು ಬಂದಾಗ ಕೀಳಬೇಕು ಅಂತ ನೀವೇ ಹೇಳಿದ್ದಲ್ಲವಾ?’ ಅಂದರು. ‘ವಾಪಸ್ ಹಾಕಬೇಕು ಅಂತ ಹೇಳಲಿಲ್ಲ.’